ಕೊನೆಯ ಪುಟದ ಕಡಲು

"ಸಾಕು ಬಿಡು," ಎಂದು ಫುಸಿ ಅತ್ತೆ ಬಟ್ಟೆಯ ತುದಿ ಹಿಡಿದು ಎಳೆದರು. ಸ್ಕ್ಯಾನರಿನ ಬೆಳಕು ಇನ್ನೂ ತೆವಳುತ್ತಿತ್ತು.

"ಒಂದೇ ನಿಮಿಷ, ಅತ್ತೆ."

"ನನ್ನಣ್ಣನ್ನ ಬರೀ ಚಾಪೆ ಮೇಲೆ ಮಲಗ್ಸಲಾ?"

ಆ ಬೆಳಿಗ್ಗೆ ತೀರಿಕೊಂಡವರು ನನ್ನ ದೊಡ್ಡಪ್ಪ ಸೆಮಿಸಿ. ಸತ್ತವರನ್ನು ಮಲಗಿಸಲು ನಮ್ಮ ಕುಟುಂಬದಲ್ಲಿದ್ದ, ಮರದ ತೊಗಟೆ ಬಡಿದು ಮಾಡಿದ ನಾರುಬಟ್ಟೆ ಅದೊಂದೇ. ನಮ್ಮ ಟೊಂಗಾ ದ್ವೀಪಗಳಲ್ಲಿ ಸೋದರತ್ತೆ ಕೇಳಿದ್ದಕ್ಕೆ ಇಲ್ಲವೆನ್ನುವ ಬಾಯಿ ಯಾರಿಗೂ ಇಲ್ಲ. ಮಕ್ಕಳ ಪುಸ್ತಕವೊಂದರ ಚಿತ್ರಗಳನ್ನೆಲ್ಲ ನಾನು ಅದರ ಮೇಲೇ ಬರೆದಿದ್ದೆ. ತೊಗಟೆಯ ಕಂದು ಬಣ್ಣದಲ್ಲಿ ಕೈಯಾರೆ ಬರೆದು, ಸ್ಕ್ಯಾನ್ ಮಾಡಿ, ಉಳಿದ ಬಣ್ಣ ಕಂಪ್ಯೂಟರಿನಲ್ಲಿ ತುಂಬುವುದು ನನ್ನ ಪದ್ಧತಿ. ಮರುದಿನ ಬೆಳಿಗ್ಗೆಯೊಳಗೆ ಕಳಿಸದಿದ್ದರೆ ಪುಸ್ತಕ ಕೈಬಿಡುತ್ತೇವೆಂದು ಪ್ರಕಾಶಕರು ಖಡಾಖಂಡಿತವಾಗಿ ಹೇಳಿದ್ದರು.

ಬಟ್ಟೆ ಹೋದಮೇಲೆ ಕಂಪ್ಯೂಟರಿನಲ್ಲಿ ಸ್ಕ್ಯಾನ್ ತೆರೆದು ನೋಡಿದರೆ ಕೊನೆಯ ಪುಟದ ಕಡಲು ಅರ್ಧಕ್ಕೇ ನಿಂತಿತ್ತು. ಉಳಿದರ್ಧ ಕಪ್ಪು.

ದೊಡ್ಡಪ್ಪನ ಮನೆಗೆ ಓಡಿದೆ. ಕಡಲಿದ್ದ ತುದಿ ದೊಡ್ಡಪ್ಪನ ತಲೆಯ ಕೆಳಗಿತ್ತು. ಸತ್ತವರ ತಲೆಯ ಬಳಿ ಕೂರುವ ಹಕ್ಕು ಅತ್ತೆಯದು. ತಮ್ಮನ ಮಗಳಾದ ನಾನು ಸೂತಕದ ಹರಕು ಚಾಪೆ ಸೊಂಟಕ್ಕೆ ಸುತ್ತಿಕೊಂಡು ಅಡಿಗೆಮನೆಯಲ್ಲಿ ಗೆಡ್ಡೆ ಸುಲಿಯಬೇಕಾದವಳು. ಕಡಲಿನ ಫೋಟೊ ತೆಗೆಯಲೆಂದು ಹೊಸ್ತಿಲಲ್ಲಿ ಫೋನ್ ಹಿಡಿದು ನಿಂತೆ. ಹಾಡುತ್ತಿದ್ದವರೆಲ್ಲ ನನ್ನನ್ನೇ ನೋಡಿದರು. ನಾಳೆ ಬೆಳಗಾದರೆ ಬಟ್ಟೆಯೂ ದೊಡ್ಡಪ್ಪನ ಜೊತೆ ಮಣ್ಣಿಗೆ.

"ಅಲ್ಲೇನೇ ನಿನಗೆ ಕೆಲಸ?" ಅತ್ತೆ ಗದರಿದರು.

"ನೀವು ಎಳ್ದ್ರಲ್ಲ, ಕಡಲು ಅರ್ಧಕ್ಕೇ ಹೋಯ್ತು. ನನ್ನ ಪುಸ್ತಕಾನೂ ಹೋಯ್ತು."

ಹಾಡು ನಿಂತಿತು. ಸೋದರತ್ತೆಗೆ ಹಾಗೆ ಎದುರಾಡಿದವರನ್ನು ಆ ಮನೆ ಕಂಡಿರಲಿಲ್ಲ. ನಾನು ಹೊಸ್ತಿಲಿಂದ ಕದಲಲಿಲ್ಲ.

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಕೈ ಚಾಚಿದರು. ಫೋನು ಕೈಯಿಂದ ಕೈಗೆ ದಾಟಿ ಅವರನ್ನು ಮುಟ್ಟಿತು. "ಎಲ್ಲಿ ಒತ್ತಬೇಕು?" ಎಂದು ಪಕ್ಕದವರನ್ನು ಕೇಳಿದರು. ಅಣ್ಣನ ತಲೆಯನ್ನು ಒಂದು ಕೈಯಲ್ಲಿ ಮೆಲ್ಲಗೆ ಎತ್ತಿಹಿಡಿದು, ಇನ್ನೊಂದು ಕೈಯಲ್ಲಿ ಫೋಟೊ ತೆಗೆದರು.

"ಅಣ್ಣನ ಬಿಳಿಕೂದಲು ಅಡ್ಡ ಬಂದಿದೆ. ಸರ್ಸೋಕೆ ಮನಸ್ಸಾಗ್ಲಿಲ್ಲ. ಕಂಪ್ಯೂಟರಲ್ಲಿ ಅಳಿಸ್ಕೋ," ಎಂದರು.

ಸ್ಕ್ಯಾನಿನ ಅರ್ಧಕ್ಕೆ ಆ ಫೋಟೊ ಜೋಡಿಸಿ ಬೆಳಗಾಗುವುದರೊಳಗೆ ಕಳಿಸಿದೆ. ಕೂದಲು ಅಳಿಸುವುದು ಕಷ್ಟವೇನಲ್ಲ. ನನಗೂ ಮನಸ್ಸಾಗಲಿಲ್ಲ.

ಅಚ್ಚಾದ ಪುಸ್ತಕದಲ್ಲಿ ಕಂದು ಅಲೆಗಳ ಮೇಲಿನ ಬಿಳಿ ಎಳೆಗಳನ್ನು ಮಕ್ಕಳು ನೊರೆ ಅಂದುಕೊಳ್ಳುತ್ತಾರೆ. ಅತ್ತೆ ಮಾತ್ರ ಆ ಪುಟ ಬಂದಾಗಲೆಲ್ಲ ಬೆರಳಿಂದ ಸವರಿ, "ತಲೆ ಬಾಚಿ ಮಲಗಿಸ್ಬೇಕಿತ್ತು ಕಣೇ," ಅನ್ನುತ್ತಾರೆ.