ಎದುರಿನವರ ಕ್ರಿಬ್ಬಿಗೆ ಐದು

ಶಿರ್ವದಲ್ಲಿ ಕ್ರಿಬೇಜ್ ಎಂಬ ಇಸ್ಪೀಟಾಟ ಗೊತ್ತಿದ್ದವರು ಇಬ್ಬರೇ. ಒಬ್ಬರು ಇಪ್ಪತ್ತೆರಡು ವರ್ಷ ಹಡಗಿನಲ್ಲಿ ಸ್ಟುವರ್ಡ್ ಆಗಿದ್ದು ಊರಿಗೆ ಮರಳಿದ ರೊಸಾರಿಯೊ ಪೊರ್ಬುಗಳು. ಇನ್ನೊಬ್ಬ ನಾನು, ಅಲ್ಲಿಯ ಶಾಲೆಯ ಲೆಕ್ಕದ ಮಾಷ್ಟ್ರು ಕೂಸಪ್ಪ. ಅವರಿಗೆ ಹಡಗಿನಲ್ಲಿ ಸ್ಕಾಟ್ಲೆಂಡಿನ ಒಬ್ಬ ಇಂಜಿನಿಯರ್ ಕಲಿಸಿದ್ದನಂತೆ. ನನಗೆ ಅವರು ೧೯೭೪ರಲ್ಲಿ ಕಲಿಸಿದರು. ಪ್ರೀತಿಯಿಂದ ಕಲಿಸಿದ್ದಲ್ಲ. ಬಾಯಿಲೆಕ್ಕ ಬರುವ ಮತ್ತೊಬ್ಬ ಮನುಷ್ಯ ಊರಿಡೀ ಹುಡುಕಿದರೂ ಸಿಗದೆ, ಗತಿಯಿಲ್ಲದೆ ಕಲಿಸಿದ್ದು. ಇದನ್ನು ಅವರೇ ನನ್ನ ಮುಖಕ್ಕೆ ಹೇಳಿದ್ದಾರೆ.

ಆಟ ಹೀಗೆ. ಇಬ್ಬರಿಗೂ ಆರಾರು ಎಲೆ. ನಾಲ್ಕನ್ನು ಇಟ್ಟುಕೊಂಡು ಎರಡನ್ನು ಕವುಚಿ ಎಸೆಯಬೇಕು. ಇಬ್ಬರೂ ಎಸೆದ ಆ ನಾಲ್ಕು ಎಲೆಗಳಿಗೆ ಕ್ರಿಬ್ ಎಂದು ಹೆಸರು, ಅದು ಎಲೆ ಹಂಚಿದವನ ಸೊತ್ತು. ಈ ಸಲ ನನ್ನದಾದರೆ ಮುಂದಿನ ಸಲ ಅವರದು. ಎಸೆದಾದ ಮೇಲೆ ಕಟ್ಟಿನಿಂದ ಒಂದು ಎಲೆ ತೆರೆಯುತ್ತೇವೆ, ಅದು ಎಲ್ಲ ಲೆಕ್ಕಕ್ಕೂ ಸೇರುತ್ತದೆ. ಕೂಡಿ ಹದಿನೈದಾದಾಗಲೆಲ್ಲ ಎರಡು ಅಂಕ, ಜೋಡಿಗೆ ಎರಡು, ಮೂರೋ ಹೆಚ್ಚೋ ಸಾಲಾಗಿ ಬಂದರೆ ಎಲೆಗೊಂದು. ಅಂಕವನ್ನು ತೂತಿನ ಹಲಗೆಯಲ್ಲಿ ಕಡ್ಡಿ ಚುಚ್ಚಿ ಗುರುತಿಸುತ್ತೇವೆ, ನೂರಿಪ್ಪತ್ತೊಂದನ್ನು ಮೊದಲು ಮುಟ್ಟಿದವನು ಗೆದ್ದ. ಹತ್ತು, ಗುಲಾಮ, ರಾಣಿ, ರಾಜ, ನಾಲ್ಕಕ್ಕೂ ಹತ್ತರ ಬೆಲೆ. ಕಟ್ಟಿನ ತುಂಬ ಹತ್ತುಗಳೇ ಇರುವಾಗ ಐದು ಎಂದರೆ ಚಿನ್ನ. ನಮ್ಮದೇ ಕ್ರಿಬ್ ಆದರೆ ಐದನ್ನು ಎಸೆದರೂ ಮನೆಗೇ ಬರುತ್ತದೆ. ಎದುರಿನವನ ಕ್ರಿಬ್ಬಿಗೆ ಎಸೆಯುವುದು ಮಾತ್ರ ತಲೆ ಸರಿ ಇದ್ದವನು ಮಾಡುವ ಕೆಲಸವಲ್ಲ.

“ಮಾಷ್ಟ್ರೇ, ಹಡಗು ಮುಳುಗಿದರೂ ಐದನ್ನು ಕೈಬಿಡಬೇಡಿ,” ಎಂದು ಮೊದಲ ದಿನವೇ ಹೇಳಿದ್ದರು. “ಎಂತ ಬಂತು ಅಂತ ಎಲ್ಲರೂ ನೋಡುತ್ತಾರೆ. ಎಂತ ಬಿಡಬೇಕು ಅಂತ ತಿಳಿದವ ಮಾತ್ರ ಆಟಗಾರ.”

ಹಾಗೆ ಎಂಟು ವರ್ಷ ಆಡಿದೆವು. ಶಾಲೆ ಬಿಟ್ಟ ಮೇಲೆ ಅವರ ಜಗಲಿಗೆ ಹೋಗಿ ಎರಡು ಆಟ ಆಡಿ, ಬೈಸಿಕೊಂಡು, ಬೈದು, ಸೈಕಲ್ ತುಳಿದು ಇನ್ನಂಜೆಗೆ ಹೋಗುವುದು ನನ್ನ ದಿನಚರಿ. ನನಗೆ ಬೇಗ ಸಿಟ್ಟು ಬರುತ್ತದೆ. ಅವರಿಗೆ ಸೋತವರನ್ನು ಕೆಣಕುವ ಚಟ. ಹಾಗಾಗಿ ಜೋಡಿ ಸರಿಯಾಗಿತ್ತು.

ಎಂಬತ್ತೆರಡರಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಮಗ ಓಸ್ವಾಲ್ಡ್ ಮಣಿಪಾಲಕ್ಕೆ ಕರೆದುಕೊಂಡು ಹೋಗುವಾಗಲೆಲ್ಲ ನಾನೂ ರಜೆ ಹಾಕಿ ಹೋಗುತ್ತಿದ್ದೆ. ನಾಲ್ಕನೆಯ ಸಲ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇನ್ನು ಮಾಡಲಿಕ್ಕೆ ಏನೂ ಇಲ್ಲ ಎಂದು ಮೆಲ್ಲಗೆ ಹೇಳಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಓಸ್ವಾಲ್ಡ್ ಕಿಟಕಿಯ ಕಡೆ ಮುಖ ಮಾಡಿಕೊಂಡು ಕುಳಿತ. ಕಾಪು ದಾಟಿದ ಮೇಲೆ ಪೊರ್ಬುಗಳು ನನ್ನ ಮೊಣಕೈ ಹಿಡಿದು, “ಮೊನ್ನೆ ಅರ್ಧಕ್ಕೆ ನಿಲ್ಲಿಸಿದೆವಲ್ಲ, ಕ್ರಿಬ್ ಯಾರದು ಮಾಷ್ಟ್ರೇ?” ಎಂದರು. ನಿಮ್ಮದು ಎಂದೆ. ನಿಜಕ್ಕೂ ನನ್ನದಾಗಿತ್ತು.

ಆಟ ಒಂದು ವರ್ಷಕ್ಕಿಂತ ಹೆಚ್ಚು ನಿಂತುಹೋಯಿತು. ನಾನು ಹೋಗಿ ಸುಮ್ಮನೆ ಕೂರುತ್ತಿದ್ದೆ. ಎಂಬತ್ತನಾಲ್ಕರ ಜನವರಿಯಲ್ಲಿ ಒಂದು ದಿನ ಹೋದಾಗ ಹಲಗೆ, ಹಿತ್ತಾಳೆಯ ಕಡ್ಡಿ ಎಲ್ಲ ಮೇಜಿನ ಮೇಲೆ ತಯಾರಿದ್ದವು. ಪೊರ್ಬುಗಳು ಹೊಸ ಕಟ್ಟು ಇಸ್ಪೀಟೆಲೆಯನ್ನು ಮುಂದೆ ತಳ್ಳಿ, “ಮುಟ್ಟಿ ನೋಡಿ,” ಎಂದರು. ಪ್ರತಿ ಎಲೆಯ ಮೂಲೆಯಲ್ಲಿ ಸೂಜಿಯ ಚುಚ್ಚು. ಎಕ್ಕಕ್ಕೆ ಒಂದು, ಏಳಕ್ಕೆ ಏಳು, ಹತ್ತಕ್ಕೆ ಒಂದು ಅಡ್ಡಗೆರೆ, ಗುಲಾಮ, ರಾಣಿ, ರಾಜರಿಗೆ ಗೆರೆಯ ಕೆಳಗೆ ಕ್ರಮವಾಗಿ ಒಂದು, ಎರಡು, ಮೂರು ಚುಚ್ಚು. ಸೊಸೆ ಗ್ಲ್ಯಾಡಿಸ್ ಒಂದೊಂದೇ ಎಲೆಯ ಹೆಸರು ಹೇಳುತ್ತ ಹೋದದ್ದು, ಇವರು ಗೋಣಿ ಹೊಲಿಯುವ ಸೂಜಿ ಹಿಡಿದು ಮೂರು ವಾರ ಚುಚ್ಚಿದ್ದು.

“ಬೆರಳು ನೋಡಿ ಮಾಷ್ಟ್ರೇ,” ಎಂದಳು ಗ್ಲ್ಯಾಡಿಸ್. “ಸೂಜಿ ನಾಟಿ ರಕ್ತ ಬಂದರೂ ಮಾವನಿಗೆ ಗೊತ್ತೇ ಆಗುವುದಿಲ್ಲ. ಮೊನ್ನೆ ಒಲೆಯಿಂದ ಇಳಿಸಿದ ಪಾತ್ರೆಯನ್ನು ಹಾಗೇ ಹಿಡಿದುಕೊಂಡಿದ್ದರು.”

“ಹಡಗಿನ ಅಡುಗೆಮನೆಯಲ್ಲಿ ಬೆಂದ ಕೈ ಇದು,” ಎಂದು ಪೊರ್ಬುಗಳು ನಕ್ಕರು. ನಾನೂ ನಕ್ಕೆ.

ಎಣಿಸುವ ಮೊದಲು ಒಂದೊಂದೇ ಎಲೆ ಇಳಿಸುತ್ತ ಆಡುವ ಭಾಗವೊಂದು ಈ ಆಟದಲ್ಲಿ ಉಂಟು, ಅದನ್ನು ಬಿಟ್ಟುಬಿಟ್ಟೆವು, ಇಸ್ಪೀಟು, ಕಳಾವರ ಎಂದು ಎಲೆಯ ಜಾತಿ ನೋಡುವುದನ್ನೂ ಬಿಟ್ಟೆವು. ಆರು ಎಲೆ, ಎರಡು ಎಸೆಯುವುದು, ಎಣಿಸುವುದು, ಇಷ್ಟೇ. ಅವರು ಹೆಬ್ಬೆರಳಿನಿಂದ ಒಂದೊಂದನ್ನೇ ಸವರಿ, ಕೈಯಲ್ಲಿ ಸಾಲಾಗಿ ಹಿಡಿದು ಎತ್ತಿದರು.

ಅವರ ಜಗಲಿ ಪಶ್ಚಿಮಕ್ಕೆ. ಅವರ ಕುರ್ಚಿ ಮೊದಲಿನಿಂದಲೂ ಅಂಗಳಕ್ಕೆ ಬೆನ್ನು ಹಾಕಿಯೇ ಇರುವುದು. ಸಂಜೆಯ ಬಿಸಿಲು ಅವರ ಹೆಗಲ ಮೇಲಿನಿಂದ ಬಂದು ನೇರ ಎಲೆಗಳಿಗೆ ಬೀಳುತ್ತಿತ್ತು. ಎದುರು ಕುಳಿತ ನನಗೆ ಆ ತೂತುಗಳೆಲ್ಲ ಬೆಳಗಿ ಕಂಡವು. ಮೂರು, ಐದು, ಎಂಟು, ರಾಣಿ, ಎಲ್ಲವೂ. ಚುಚ್ಚಿದ ಜಾಗದಲ್ಲಿ ಬೆಳಕು ನುಸುಳುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಬೆಳಕಿನ ಕಡೆ ಅವರ ಯೋಚನೆ ಹೋಗುವುದೇ ನಿಂತಿತ್ತಲ್ಲ.

ಆಗಲೇ ಹೇಳಬೇಕಿತ್ತು. ಆದರೆ ಅವರ ಮುಖ ನೋಡಬೇಕಿತ್ತು ನೀವು. ಒಂದು ವರ್ಷದ ನಂತರ ಆ ಮನುಷ್ಯನ ಮುಖದ ಮೇಲೆ ಹಳೆಯ ಕುಹಕದ ನಗು ಬಂದಿತ್ತು. ಕುರ್ಚಿಯನ್ನಾದರೂ ತಿರುಗಿಸೋಣವೆಂದರೆ, ಅಂಗಳಕ್ಕೆ ಬೆನ್ನು ಕೊಟ್ಟು ಕೂರುವುದಕ್ಕೆ ಅವರಿಗೊಂದು ಕಾರಣವಿತ್ತು. ಕುತ್ತಿಗೆಗೆ ಬಿಸಿಲು ತಾಗಿತೆಂದರೆ ನಾಲ್ಕೂವರೆ, ಇನ್ನೇನು ಮಾಷ್ಟ್ರು ಬರುತ್ತಾರೆ ಎಂದು ಲೆಕ್ಕ. ಅದನ್ನು ಯಾವ ಬಾಯಿಯಿಂದ ತಪ್ಪಿಸಲಿ? ನಾಳೆ ಹೇಳುವ ಎಂದುಕೊಂಡೆ. ನಾಳೆ ಎಂದದ್ದು ಮೂರು ತಿಂಗಳಾಯಿತು.

ಆ ಮೂರು ತಿಂಗಳು ಯಾವ ಎರಡು ಎಲೆ ಎಸೆಯಬೇಕೆಂದು ನಾನು ಪಟ್ಟ ಪಾಡು ಹೇಳುವುದೇ ಬೇಡ. ಅವರ ಕೈಯಲ್ಲಿ ಏನುಂಟೆಂದು ಗೊತ್ತಿದ್ದು ಸರಿಯಾಗಿ ಎಸೆದರೆ ಅದು ಕಳ್ಳತನ. ಗೊತ್ತಿಲ್ಲದವನ ಹಾಗೆ ಎಸೆಯೋಣವೆಂದರೆ ಗೊತ್ತಿಲ್ಲದವನು ಏನು ಎಸೆಯುತ್ತಿದ್ದ ಎಂಬುದೇ ಮರೆತುಹೋಗಿತ್ತು. ತಲೆ ತಗ್ಗಿಸಿ ಮೇಜು ನೋಡುತ್ತ ಕುಳಿತೆ. ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಮುಚ್ಚಬಹುದು? ಕೊನೆಗೆ ಕಳ್ಳನಾಗುವುದು ಬೇಡವೆಂದು ಬೇಕೆಂದೇ ತಪ್ಪು ಎಸೆಯತೊಡಗಿದೆ. ನನ್ನ ಒಳ್ಳೆಯ ಜೋಡಿಗಳನ್ನು ಮುರಿದು ಅವರ ಕ್ರಿಬ್ಬಿಗೆ ಹಾಕಿದೆ. ಅವರು ಗೆಲ್ಲತೊಡಗಿದರು. ಒಂದೊಂದು ಎಲೆಯನ್ನೂ ಬಹಳ ಹೊತ್ತು ಸವರುತ್ತಿದ್ದರು, ಯೋಚಿಸುತ್ತಿದ್ದಾರೆ ಎಂದುಕೊಂಡೆ. ಒಂದೆರಡು ಸಲ ಒಂಬತ್ತನ್ನು ಎಂಟು ಎಂದರು. ನಾಲಿಗೆ ಜಾರಿತು ಎಂದು ನಕ್ಕರು.

ಏಪ್ರಿಲ್‌ನಲ್ಲಿ ಒಂದು ದಿನ ಗ್ಲ್ಯಾಡಿಸ್ ಕಾಫಿ ಇಡುತ್ತ, “ಮಸ್ಕತ್ತಿಗೆ ಬರೆದ ಕಾಗದದಲ್ಲಿ ನಿಮ್ಮದೇ ಸುದ್ದಿ ಮಾಷ್ಟ್ರೇ,” ಎಂದಳು. ಅಲ್ಲಿ ನರ್ಸ್ ಆಗಿರುವ ಮಗಳು ಪ್ಯಾಟ್ರಿಶಿಯಾಳಿಗೆ ಪೊರ್ಬುಗಳು ಹೇಳಿ ಬರೆಸುವ ಕಾಗದ ಅದು. “‘ಕಣ್ಣಿಲ್ಲದೆ ಮಾಷ್ಟ್ರನ್ನು ಸಾಲಾಗಿ ಒಂಬತ್ತು ಆಟ ಸೋಲಿಸಿದೆ. ನನ್ನ ಬಗ್ಗೆ ಇನ್ನು ಚಿಂತೆ ಮಾಡಬೇಡ.’ ಹಾಗೆ ಬರೆಸಿದ್ದಾರೆ.”

ನಾನು ಕಾಫಿಯನ್ನು ಬದಿಗೆ ಸರಿಸಿದೆ. ಪೊರ್ಬುಗಳು ಎಲೆ ಹಂಚಿದರು. ಕ್ರಿಬ್ ಅವರದು. ನನಗೆ ಎರಡು ಐದು, ಗುಲಾಮ, ರಾಣಿ, ಮತ್ತೆರಡು ಕಸ ಎಲೆ. ನಾನು ಎರಡೂ ಐದನ್ನು ಎತ್ತಿ ಅವರ ಕ್ರಿಬ್ಬಿಗೆ ಎಸೆದೆ. ಯಾಕೆಂದು ಕೇಳಬೇಡಿ. ಅವರ ಒಂಬತ್ತು ಗೆಲುವನ್ನು ಹತ್ತು ಮಾಡಿ ಮುಗಿಸಿಬಿಡುವ ಎನ್ನಿಸಿರಬೇಕು.

ಎಣಿಸುವ ಹೊತ್ತಿಗೆ ಅವರು ಕ್ರಿಬ್ಬಿನ ಎಲೆಗಳನ್ನು ಎರಡೆರಡು ಸಲ ಸವರಿದರು. ಒಂದನ್ನು ನನ್ನ ಕಡೆ ಚಾಚಿ, “ಇದು ಐದೇ ಅಲ್ವಾ?” ಎಂದರು. ಹೌದು ಎಂದೆ. ಇನ್ನೊಂದನ್ನು ಚಾಚಿದರು. “ಇದು?” ಅದೂ ಐದು ಎಂದೆ. ಕುಟುಕುತ್ತಿದ್ದಾರೆ ಎಂದೇ ತಿಳಿದೆ. ಅವರು ಕೈ ಕೆಳಗಿಟ್ಟರು.

“ನನ್ನ ಕ್ರಿಬ್ಬಿಗೆ ಎರಡು ಐದು. ಹತ್ತು ವರ್ಷದಲ್ಲಿ ನೀವು ಒಂದು ಎಸೆದದ್ದಿಲ್ಲ.”

“ಕೈ ತಪ್ಪಿತು ಪೊರ್ಬುಗಳೇ.”

“ಒಂದಾದರೆ ಕೈ ತಪ್ಪಬಹುದು. ಎರಡು? ನನ್ನ ಕಣ್ಣು ಹೋದದ್ದು ಮಾಷ್ಟ್ರೇ, ತಲೆ ಹೋಗಿಲ್ಲ. ಭಿಕ್ಷೆ ಹಾಕಲಿಕ್ಕೆ ಬರುವುದಾದರೆ ನಾಳೆಯಿಂದ ಬರಬೇಡಿ.”

ನನ್ನ ಹಾಳು ಸಿಟ್ಟು ನೆತ್ತಿಗೇರಿತು. “ಭಿಕ್ಷೆ ಅಲ್ಲ ಮಾರಾಯರೇ! ನಿಮ್ಮ ಎಲೆಯೆಲ್ಲ ನನಗೆ ಕಾಣುತ್ತದೆ. ಆ ತೂತುಗಳಲ್ಲಿ ಬಿಸಿಲು ಬರುತ್ತದೆ. ಮೊದಲ ದಿನದಿಂದ ಕಾಣುತ್ತದೆ. ನಾನು ಎಂತ ಮಾಡಲಿ? ಹೇಗೆ ಎಸೆಯಲಿ? ಹೇಳಿ ನೀವೇ!”

ಹೇಳಿ ಮುಗಿಯುವಷ್ಟರಲ್ಲಿ ನಾಲಿಗೆ ಕಚ್ಚಿಕೊಳ್ಳಬೇಕು ಎನ್ನಿಸಿತು. ಅವರು ಎಲೆಯ ಮೂಲೆಯನ್ನೇ ತಡವುತ್ತ ಕುಳಿತರು. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನಾನು ಬದುಕುತ್ತಿದ್ದೆ. ಒಳಗಿನ ಕಡೆ ತಿರುಗಿ, “ಗ್ಲ್ಯಾಡಿಸ್, ಆ ಕಾಗದ ಹೋಯಿತಾ?” ಎಂದು ಕೇಳಿದರು.

“ಮೊನ್ನೆಯೇ ಹೋಯಿತು ಮಾವ.”

“ಹೋಯಿತಾ,” ಎಂದರು. ನಾನು ಸೈಕಲ್ ತಳ್ಳಿಕೊಂಡೇ ಇನ್ನಂಜೆಯ ದಾರಿ ಹಿಡಿದೆ.

ನಾಲ್ಕು ದಿನ ಹೋಗಲಿಲ್ಲ. ಐದನೆಯ ದಿನ ಗ್ಲ್ಯಾಡಿಸ್ ಶಾಲೆಯ ಗೇಟಿನಲ್ಲಿ ನಿಂತಿದ್ದಳು. “ಮಾವ ಕುರ್ಚಿ ತಿರುಗಿಸಿಟ್ಟು ಕಾಯುತ್ತಿದ್ದಾರೆ,” ಎಂದಳು.

ಹೌದು, ಅವರ ಮುಖ ಈಗ ಅಂಗಳದ ಕಡೆಗಿತ್ತು. ನನ್ನ ಕುರ್ಚಿ ಬಿಸಿಲಿನಲ್ಲಿ. “ಈಗ ಎಂತ ಕಾಣುತ್ತದೆ?” ಎಂದು ಕೇಳುತ್ತ ಎಲೆಗಳನ್ನು ಎತ್ತಿ ಹಿಡಿದರು. ನಾನು ಮುಂದೆ ಬಾಗಿ ನೋಡಿದೆ. ಬರೀ ಎಲೆಗಳ ಬೆನ್ನು. “ಏನೂ ಕಾಣುವುದಿಲ್ಲ ಪೊರ್ಬುಗಳೇ.”

“ಇನ್ನು ಒಂದೂ ಸುಳ್ಳು ಹೇಳಬೇಡಿ. ಎಸೆಯುವುದರಲ್ಲೂ ಬೇಡ, ಎಣಿಸುವುದರಲ್ಲೂ ಬೇಡ. ಸೋತರೆ ಸೋಲುತ್ತೇನೆ.”

ಆಣೆ ಎಂದೆ. ಹಂಚುವುದು ನನ್ನ ಸರದಿ, ಕ್ರಿಬ್ ನನ್ನದು. ಮೂರು ತಿಂಗಳ ನಂತರ ನನ್ನ ಎಲೆಗಳನ್ನಷ್ಟೇ ನೋಡಿ ಯೋಚಿಸುವ ಸುಖ! ಹತ್ತು ಮತ್ತು ಗುಲಾಮನನ್ನು ನನ್ನ ಕ್ರಿಬ್ಬಿಗೆ ಹಾಕಿದೆ. ಅವರು ಬಹಳ ಹೊತ್ತು ಸವರಿ ಸವರಿ ಎರಡನ್ನು ಎಸೆದರು. ಕಟ್ಟಿನಿಂದ ತೆರೆದದ್ದು ರಾಣಿ. ಹೆಸರು ಕೂಗಿ ಹೇಳಿದೆ. ಅವರು ತಮ್ಮ ಕೈ ಎಣಿಸಿದರು, ನಾನು ನನ್ನದು ಎಣಿಸಿದೆ. ಕೊನೆಗೆ ಕ್ರಿಬ್ ತೆರೆದೆ.

ನನ್ನ ಹತ್ತು, ಗುಲಾಮ. ಅವರದೊಂದು ರಾಜ. ಮತ್ತೊಂದು ಐದು.

ಇವರು ಐದು ಎಸೆಯುವುದೇ? ನನಗೆ ತಿರುಗಿ ಭಿಕ್ಷೆಯೇ? ಮುಖ ನೋಡಿದೆ. ಚೆನ್ನಾಗಿ ಎಸೆದವನ ನಿಶ್ಚಿಂತೆ ಇತ್ತು ಅಲ್ಲಿ. ಆಗ ಅರ್ಥವಾಯಿತು. ಅವರು ಅದನ್ನು ನಾಲ್ಕು ಎಂದು ಎಣಿಸಿದ್ದರು. ಒಂಬತ್ತು ಎಂಟಾದದ್ದು, ಇದು ಐದೇ ಅಲ್ವಾ ಎಂದು ಕೇಳಿದ್ದು, ಬಿಸಿ ಪಾತ್ರೆ, ಸೂಜಿಯ ರಕ್ತ, ಎಲ್ಲ ಒಟ್ಟಿಗೆ ನೆನಪಾಯಿತು. ಕಣ್ಣು ತಿಂದ ಕಾಯಿಲೆ ಬೆರಳ ತುದಿಯನ್ನೂ ತಿನ್ನುತ್ತಿತ್ತು. ನಾನು ಎದುರೇ ಕುಳಿತು ನೋಡಿಯೂ ನೋಡಿರಲಿಲ್ಲ.

“ಎಷ್ಟು ಮಾಷ್ಟ್ರೇ?”

ಅದು ನಾಲ್ಕೇ ಆಗಿದ್ದರೆ ನನ್ನ ಕ್ರಿಬ್ಬಿಗೆ ಹತ್ತು, ಗುಲಾಮ, ರಾಣಿ, ರಾಜ ಎಂಬ ಸಾಲಿನ ನಾಲ್ಕು ಅಂಕ ಮಾತ್ರ. ಐದಾದ್ದರಿಂದ ನಾಲ್ಕು ಹದಿನೈದುಗಳ ಎಂಟೂ ಸೇರಿ ಹನ್ನೆರಡು. ನಾಲ್ಕು ಎಂದರೆ ಸಾಕಿತ್ತು, ಅವರು ನಂಬುತ್ತಿದ್ದರು, ಬೆರಳ ಮೇಲಿನ ನಂಬಿಕೆ ಇನ್ನೂ ಕೆಲವು ದಿನ ಉಳಿಯುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಣೆ ಹಾಕಿ ಕಾಲು ಗಂಟೆಯಾಗಿರಲಿಲ್ಲ. ಅಷ್ಟು ಅಸಹಾಯಕನಾಗಿ ನಾನು ಹಿಂದೆಂದೂ ಕುಳಿತವನಲ್ಲ.

“ಹನ್ನೆರಡು,” ಎಂದೆ.

ಅವರು ನಗಲು ಹೊರಟು ನಿಲ್ಲಿಸಿದರು. “ನಿಮ್ಮದೆಂತ?”

“ಹತ್ತು, ಗುಲಾಮ.”

ತುಟಿಯಲ್ಲೇ ಲೆಕ್ಕ ಹಾಕಿದರು. ಬಾಯಿಲೆಕ್ಕದಲ್ಲಿ ಅವರು ನನಗಿಂತ ಚುರುಕು. “ಹಾಗಾದರೆ ನನ್ನದು ಐದು,” ಎಂದು ಕೈ ಚಾಚಿದರು. ಎಲೆಯನ್ನು ಅಂಗೈಯಲ್ಲಿಟ್ಟೆ. ಬಲ ಹೆಬ್ಬೆರಳಿನಿಂದ ಸವರಿದರು. ಎಡ ಹೆಬ್ಬೆರಳಿನಿಂದ ಸವರಿದರು. ತೋರುಬೆರಳನ್ನು ಅಂಗಿಗೆ ಉಜ್ಜಿ ಅದರಿಂದಲೂ ಸವರಿದರು. ಆಮೇಲೆ ಎಲೆಯ ಮೂಲೆಯನ್ನು ಮೆಲ್ಲಗೆ ಕೆಳತುಟಿಗೆ ತಂದು ಆಚೀಚೆ ಸರಿಸಿದರು.

“ಐದೇ,” ಎಂದರು.

ನನಗೆ ಅಳು ಬಂತು. ಬಂದದ್ದನ್ನು ಶಬ್ದವಿಲ್ಲದೆ ಅತ್ತೆ. ಅವರಿಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯ. ಬಾಗಿಲಲ್ಲಿ ನಿಂತಿದ್ದ ಗ್ಲ್ಯಾಡಿಸ್ ಒಳಗೆ ಹೋದಳು.

“ಬೆರಳು ಯಾವಾಗಿನಿಂದ ಹೀಗೆ?” ಎಂದು ಕೇಳಿದೆ.

“ಗೊತ್ತಿಲ್ಲ. ಎಲೆ ಸವೆದದ್ದು ಅಂತ ತಿಳಿದಿದ್ದೆ.” ಎಲೆಯನ್ನು ಮೇಜಿನ ಮೇಲಿಟ್ಟು, “ಕಡ್ಡಿ ಮುಂದೆ ಇಡಿ. ಹನ್ನೆರಡು ಮನೆ. ಈಗ ಹಂಚುವುದು ನಾನು,” ಎಂದರು.

ಹಂಚಿದರು. ಒಂದು ಎಲೆ ಜಾರಿ ಕೆಳಗೆ ಬಿತ್ತು, ಎತ್ತಿ ಕೊಟ್ಟೆ. ತಮ್ಮ ಆರನ್ನೂ ಒಂದೊಂದಾಗಿ ತುಟಿಗೆ ತಂದು ಓದತೊಡಗಿದರು. ಶುಭ ಶುಕ್ರವಾರ ಇಗರ್ಜಿಯಲ್ಲಿ ಶಿಲುಬೆಗೆ ಮುತ್ತಿಡುವವರ ಹಾಗೆ ಕಾಣುತ್ತಿತ್ತು. ನಾನು ನೋಡಲಾರದೆ ನನ್ನ ಎಲೆಗಳನ್ನು ನೋಡಿಕೊಂಡೆ.

ಕ್ರಿಬ್ ಅವರದು. ನನ್ನ ಕೈಯಲ್ಲಿ ಒಂದು ಐದು ಇತ್ತು. ಜೊತೆಗೆ ಒಂದು ರಾಜ, ಉಳಿದದ್ದೆಲ್ಲ ಚಿಲ್ಲರೆ. ಐದನ್ನು ಹೊರಗೆಳೆದೆ. ಮತ್ತೆ ಒಳಗಿಟ್ಟೆ. ಇನ್ನೊಮ್ಮೆ ಎಳೆದೆ.

“ಎಸೆಯಿರಿ ಮಾಷ್ಟ್ರೇ,” ಎಂದರು ಅವರು, ಎಲೆಯನ್ನು ತುಟಿಯಿಂದ ತೆಗೆಯದೆ.

ಎರಡು ಚಿಲ್ಲರೆ ಎಲೆಗಳನ್ನು ಎಸೆದೆ. ಐದನ್ನು ನಾನೇ ಇಟ್ಟುಕೊಂಡೆ.