ಮೂರನೇ ನಂಬರಿನ ಮುಸರತ

ಮೂರು ದಿನದ ತರಬೇತಿ ಮುಗಿಸಿ ಕಲಬುರಗಿಯಿಂದ ಬಂದವಳೇ ನಾನು ಆರನೇ ತರಗತಿಯ ಬೆಂಚುಗಳನ್ನೆಲ್ಲ ವರಾಂಡಕ್ಕೆ ದಬ್ಬಿಸಿ, ಮಕ್ಕಳನ್ನು ನಾಲ್ಕು ನಾಲ್ಕು ಮಂದಿಯಂತೆ ನೆಲದ ಮೇಲೆ ಗುಂಪಾಗಿ ಕೂಡಿಸಿದೆ. ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಒಂದರಿಂದ ನಾಲ್ಕರ ತನಕ ಒಂದು ನಂಬರು, ಎರಡು ಬಣ್ಣದ ಒಂದು ರಟ್ಟಿನ ಬಿಲ್ಲೆ. ಲೆಕ್ಕ ತಿಳಿದರೆ ಬಿಲ್ಲೆಯ ಹಸಿರು ಬದಿ ಮೇಲೆ ಮಾಡಿಡಬೇಕು, ತಿಳಿಯದಿದ್ದರೆ ಕೆಂಪು ಬದಿ. ನಾಲ್ಕೂ ಹಸಿರಾಗುವ ತನಕ ತಿಳಿದವರು ತಿಳಿಯದವರಿಗೆ ಹೇಳಿಕೊಡಬೇಕು. ಆಮೇಲೆ ಚೀಟಿ ಎತ್ತುವುದು. ಯಾವ ನಂಬರು ಬಂತೋ ಅವರೇ ಗುಂಪಿನ ಪರವಾಗಿ ಎದ್ದು ಉತ್ತರ ಹೇಳಬೇಕು.

ಎಂಥ ಗದ್ದಲ ಅಂತೀರಿ! ಇಪ್ಪತ್ನಾಲ್ಕು ಬಾಯಿ ಒಟ್ಟಿಗೇ ತೆರೆದುಕೊಂಡವು. ನನಗಂತೂ ಕುಣಿಯುವಷ್ಟು ಖುಷಿ.

ಹೆಡ್‌ಮಾಸ್ತರ ಸಂಗಮೇಶ್ವರ ಸರ್ ಓಡಿ ಬಂದರು. "ಏನ್ರಿ ಶಿವಕಾಂತಮ್ಮ ಟೀಚರ್, ಇದು ಶಾಲಿ ಅದನೋ ವಾಡಿ ಸ್ಟೇಷನ್ ಅದನೋ?"

"ರೈಲೊಂದು ಬರೋದು ಬಾಕಿ ಅದ ಸರ್," ಎಂದೆ. ನನ್ನ ಬಾಯಿಗೆ ಬೀಗವಿಲ್ಲ.

ಅವರು ಸಿಟ್ಟಾದರು. "ಶನಿವಾರ ಶಾಲಿ ತಪಾಸಣಿಗೆ ಸಾಹೇಬ್ರು ಬರ್ತಾರ. ಒಂದೇ ಒಂದು ಹುಡುಗ ಬಾಯಿ ಬಿಡದ ನಿಂತರೂ ಸೋಮವಾರದಿಂದ ಬೆಂಚು ಒಳಗ, ನಿಮ್ಮ ಬಿಲ್ಲೆ ಹೊರಗ. ಮತ್ತ ಆ ಮುಸರತಗ ಅವತ್ತ ಮನ್ಯಾಗೇ ಇರು ಅಂತ ಹೇಳ್ರಿ."

ನನಗೆ ಮೈಯೆಲ್ಲ ಉರಿಯಿತು. ಮುಸರತ ಮನೆಯಲ್ಲಿ ದಖನಿ ಉರ್ದು ಮಾತಾಡುವ ಹುಡುಗಿ. ಎರಡು ವರ್ಷದ ಹಿಂದೆ ಅವಳ ಕನ್ನಡ ಕೇಳಿ ಇಡೀ ತರಗತಿ ನಕ್ಕಿತ್ತು. ಅಂದಿನಿಂದ ಅವಳು ಹಾಜರಿಗೂ ಬರೀ ಕೈ ಎತ್ತುತ್ತಾಳೆ. ಆದರೆ ಗುಂಪಿನಲ್ಲಿ ಕೂತ ಮೇಲೆ ಪಕ್ಕದ ಹುಡುಗ ಮಲ್ಲುವಿನ ಕಿವಿಯಲ್ಲಿ ಪಿಸುಪಿಸು ಲೆಕ್ಕ ಹೇಳಿಕೊಡುವುದನ್ನು ನಾನೇ ಕಂಡಿದ್ದೆ. ಅವಳನ್ನು ಮನೆಯಲ್ಲಿ ಬಿಡುವ ಮಾತೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ತರಗತಿಯ ಒಂದು ಮೂಲೆಗೆ ಎಂದೂ ಇಲ್ಲದ ಜಮಖಾನ ಬಂದಿತ್ತು. ಹಾಸಿಸಿದವರು ಹೆಡ್‌ಮಾಸ್ತರರು. ಕಾರಣ ಕೇಳಿದರೆ "ಛಂದ ಕಾಣಲಿ ಅಂತ" ಎಂದರು.

ಸಾಹೇಬರು ಬಂದರು, ಸುತ್ತ ನೋಡಿದರು, ಕಾಲಡಿಗೆ ಹೊಸದಾಗಿ ಹಾಸಿದ್ದ ಶಹಾಬಾದ್ ಫರಸಿ ಕಲ್ಲನ್ನೂ ನೋಡಿದರು. "ಈ ಖೋಲಿ ಇಪ್ಪತ್ತು ಫೂಟು ಉದ್ದ, ಹದಿನೆಂಟು ಫೂಟು ಅಗಲ. ಎರಡೆರಡು ಫೂಟಿನ ಫರಸಿ ಎಷ್ಟು ಬೇಕು?"

ಆರೂ ಗುಂಪುಗಳಲ್ಲಿ ತಲೆಗೆ ತಲೆ ಕೂಡಿದವು. ಸಾಹೇಬರು ಗಡಿಯಾರ ನೋಡಿದರೆ ಮುಸರತಳ ಗುಂಪಿನ ತಾರೀಕ ಎಂಬ ಹುಡುಗ ಕೈ ಮುಗಿದ. "ತಡೀರಿ ಸರ್, ಮಲ್ಲುಂದು ಇನ್ನಾ ಕೆಂಪದ!" ಮುಸರತ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದಳು. ಮಲ್ಲು "ಹಾಂ!" ಎಂದು ಬಿಲ್ಲೆ ತಿರುಗಿಸಿದ. ಸಾಹೇಬರೇ ಚೀಟಿಯ ಡಬ್ಬಿಗೆ ಕೈ ಹಾಕಿದರು.

ಮೂರು!

ಆರೂ ಗುಂಪಿನ ಮೂರನೇ ನಂಬರಿನವರಲ್ಲಿ ಅವರ ಬೆರಳು ನೇರ ಮುಸರತಳತ್ತ ಹೋಯಿತು. ಅವಳು ಎದ್ದಳು. ಅವಳ ತುಟಿ ಅಲುಗಿತು, ಮಾತು ಬರಲಿಲ್ಲ. ಹೆಡ್‌ಮಾಸ್ತರರ ಕಣ್ಣು ಆಗಲೇ ವರಾಂಡದ ಬೆಂಚುಗಳ ಮೇಲಿತ್ತು. ಆಗ ಮಲ್ಲು ಅವಳ ಪಕ್ಕಕ್ಕೆ ತನ್ನ ಹಸಿರು ಬಿಲ್ಲೆ ಸರಿಸಿ, "ನಂಗ ಹೇಳ್ದಂಗೇ ಹೇಳು," ಎಂದ.

"ಹಾಸ್ಲಿಕ್ಕ ತೊಂಬತ್ತು," ಎಂದಳು ಮುಸರತ. "ಖರೆ ತರಸೂದು ನೂರು."

"ನೂರು ಯಾಕ?"

"ಗಾಡಿಯಿಂದ ಇಳಸುವಾಗ ಒಡೀತಾವ ಸಾಬ್. ನಮ್ಮ ಅಬ್ಬಾ ಫರಸಿ ಹಾಸ್ತಾರ, ಯಾವಾಗಲೂ ಹತ್ತು ಜಾಸ್ತಿ ತರಸ್ತಾರ. ತೊಂಬತ್ತೇ ತರಸಿದ್ರ ಮೂಲ್ಯಾಗ ಮಣ್ಣೇ ಉಳೀತದ."

ಇಪ್ಪತ್ನಾಲ್ಕು ತಲೆಗಳೂ ಒಟ್ಟಿಗೆ ಜಮಖಾನದತ್ತ ತಿರುಗಿದವು. ಸಾಹೇಬರು ಹೋಗಿ ಅದರ ಅಂಚು ಎತ್ತಿದರು. ಏಳು ಕಲ್ಲಿನಷ್ಟು ಜಾಗದಲ್ಲಿ ಬರೀ ಮಣ್ಣು.

"ಎಷ್ಟು ತರಸಿದ್ರಿ ಸಂಗಮೇಶ್ವರ ಅವರೇ?"

"ತೊಂಬತ್ತು, ಸರ್."

ಮೊದಲು ನಕ್ಕವರು ಸಾಹೇಬರು. ಆಮೇಲೆ ಛಾವಣಿ ಹಾರುವಷ್ಟು ನಗೆ. ಮುಸರತಳೂ ನಕ್ಕಳು, ಈ ಸಲ ನಗೆ ಅವಳ ಮೇಲಿನದಾಗಿರಲಿಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ, ನಕ್ಕೋ ಅತ್ತೋ ದೇವರಿಗೇ ಗೊತ್ತು.

ಸೋಮವಾರ ಬೆಂಚುಗಳು ಒಳಗೆ ಬರಲಿಲ್ಲ. ಬಂದವರು ಸಂಗಮೇಶ್ವರ ಸರ್. ಪಂಚೆ ಎತ್ತಿಕೊಂಡು ಮಲ್ಲುವಿನ ಪಕ್ಕ ನೆಲದ ಮೇಲೆ ಕೂತರು. "ಮುಸರತ, ವರಾಂಡಕ್ಕೂ ಫರಸಿ ಹಾಸಸ್ಬೇಕವ್ವ. ಎಷ್ಟು ತರಸಲಿ?"

ಮುಸರತ ಸೀಮೆಸುಣ್ಣ ಕೈಗೆತ್ತಿಕೊಂಡು, ಇಡೀ ತರಗತಿಗೆ ಕೇಳುವಂತೆ ಹೇಳಿದಳು: "ಮೊದಲ ಬಿಲ್ಲೆ ಕೆಂಪಿಡ್ರಿ ಸರ್."

ಅವರು ಇಟ್ಟರು.