ಗೋಡೆಯಾಚೆಯ ಗದರಿಕೆ

ಯಾವುದು ಅರ್ತಿಂಗಿನ ತಗಡಿಗೆ, ಯಾವುದು ಸ್ಪೀಕರಿಗೆ? ಟ್ರಾನ್ಸ್‌ಫಾರ್ಮರಿನಿಂದ ಬಂದ ಎರಡೂ ವೈರುಗಳ ಬಣ್ಣ ಹೋಗಿ ಒಂದೇ ಥರದ ಕಂದು. ಒಂದು ಕಾಲದಲ್ಲಿ ಒಂದು ಹಸಿರು, ಒಂದು ಕಪ್ಪು ಇದ್ದಿರಬೇಕು. ಅಣ್ಣನಿಗೆ ಗೊತ್ತಿತ್ತೇನೋ. ಅವನಿಗೂ ಗೊತ್ತಿರಲಿಲ್ಲವೇನೋ, ಯಾವುದಕ್ಕೂ ಗುರುತು ಹಾಕಿಡುವ ಅಭ್ಯಾಸ ಅವನದಲ್ಲ. ಈ ಕೆಲಸ ಮಾಡಬೇಕೋ ಬೇಡವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲದಿರುವಾಗ, ಯಾವ ವೈರು ಎಂದು ಯೋಚಿಸುತ್ತ ಕೂರುವುದು ಹಗುರ ಎಂದು ತಮ್ಮನಿಗೆ ಎನಿಸಿತು.

ಮೇಜಿನ ಮೇಲೆ ಅಣ್ಣನ ಗಿಟಾರ್ ಆಂಪ್ಲಿಫೈಯರ್ ಬೆನ್ನು ತೆರೆದುಕೊಂಡು ಕೂತಿತ್ತು. ಹುಟ್ಟಿನಲ್ಲಿ ಅದು ಅಪ್ಪನ ರೇಡಿಯೋ. ಅಪ್ಪ ಲೇತ್ ಕಾರ್ಖಾನೆಗೆ ಎರಡನೇ ಪಾಳಿಗೆ ಹೋಗಿದ್ದ ಒಂದು ಸಂಜೆ, ಇನ್ನೂ ಮೀಸೆ ಬರದ ಅಣ್ಣ ಅದನ್ನು ಬಿಚ್ಚಿ, ವಾಲ್ವುಗಳನ್ನೂ ಟ್ರಾನ್ಸ್‌ಫಾರ್ಮರನ್ನೂ ಮರದ ಪೆಟ್ಟಿಗೆಯನ್ನೂ ಉಳಿಸಿಕೊಂಡು, ಗಿಟಾರಿಗೆ ಗಂಟಲು ಮಾಡಿಕೊಂಡಿದ್ದ. "ನನ್ನ ರೇಡಿಯೋನ ಕೊಂದು ದೆವ್ವ ಮಾಡಿ ಕೂರಿಸಿದ್ದಾನೆ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಅಲ್ಲಿಂದ ಶುರುವಾದದ್ದು ಈ ಮನೆಯ ದಿನಚರಿ. ಅಣ್ಣ ನುಡಿಸುತ್ತಿದ್ದ, ಪೆಟ್ಟಿಗೆ ಗುರುಗುಟ್ಟುತ್ತಿತ್ತು, ಗೋಡೆಯಾಚೆಯಿಂದ ಅಪ್ಪ ಕೂಗುತ್ತಿದ್ದ: "ಲೇ ದೊಡ್ಡೋನೇ, ಕಮ್ಮಿ ಮಾಡೋ! ಕಿವಿಯೇನು ಬಾಡಿಗೆಗೆ ತಂದಿದ್ದೀವಾ?" ಅಣ್ಣ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ತಮ್ಮನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದ. ಅಣ್ಣನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಅಪ್ಪ ನಿವೃತ್ತನಾದ. ಕೂಗು ಮಾತ್ರ ಹಾಗೇ ಇತ್ತು.

ಹೋದ ವರ್ಷ ಕೆಲಸಕ್ಕೆಂದು ಹೊರಟ ಅಣ್ಣನನ್ನು ನಾಲ್ಕು ಜನ ಎತ್ತಿಕೊಂಡು ಬಂದರು. ಎದೆನೋವಂತೆ, ದಾರಿಯಲ್ಲೇ ಉಸಿರು ನಿಂತಿತ್ತು. ಅಂದಿನಿಂದ ಅಪ್ಪ ಬೈಯುವುದನ್ನು ಬಿಟ್ಟ.

ಅಳುತ್ತಿದ್ದರೆ, ಮಾತೇ ಬಿಟ್ಟಿದ್ದರೆ, ಏನಾದರೂ ಮಾಡಬಹುದಿತ್ತು. ಅಪ್ಪ ಮರ್ಯಾದಸ್ಥನಾದ. ಕಾಫಿ ಕೊಟ್ಟರೆ "ಆಯ್ತಮ್ಮ, ತುಂಬ ಒಳ್ಳೇದಾಯ್ತು" ಎನ್ನುತ್ತಿದ್ದ. ಸಾರಿನಲ್ಲಿ ಉಪ್ಪಿಲ್ಲದಿದ್ದರೂ ಸುಮ್ಮನೆ ಉಣ್ಣುತ್ತಿದ್ದ. ಹಿಂದೆ ತಟ್ಟೆ ತಳ್ಳುತ್ತಿದ್ದ ಮನುಷ್ಯ ಈಗ ಅದನ್ನು ಸದ್ದಾಗದಂತೆ ತೊಳೆಯುವ ಕಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದ. ಮನೆಯಲ್ಲಿ ಯಾರೋ ಅಪರಿಚಿತ ಅತಿಥಿ ಅಪ್ಪನ ಅಂಗಿ ಹಾಕಿಕೊಂಡು ಓಡಾಡುತ್ತಿರುವ ಹಾಗೆ ತಮ್ಮನಿಗೆ ಅನಿಸುತ್ತಿತ್ತು.

ಅತ್ತಿಗೆ ಕೇಳಿದ್ದು ಹೋದ ವಾರ. "ಮಗು ಅವರಪ್ಪನ ಗಿಟಾರ್ ಹಿಡಿದಿದ್ದಾಳೆ, ಬೇಡ ಅನ್ನೋಕಾಗಲ್ಲ. ಆದ್ರೆ ಆ ಪೆಟ್ಟಿಗೆಯ ಗಂಟಲು ಸ್ವಲ್ಪ ಸರಿ ಮಾಡಿ ಕೊಡ್ತೀಯಾ? ಆ ಗುರುಗುಟ್ಟೋದಕ್ಕೆ ಅವಳು ನುಡಿಸಿದ್ರೂ ಅವರೇ ಬಂದ ಹಾಗಾಗತ್ತೆ. ಮೊನ್ನೆ ಮಾವ ಊಟದ ಮಧ್ಯೆ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತ್ರು."

ರೇಡಿಯೋ ರಿಪೇರಿ ಅಂಗಡಿಯಲ್ಲಿ ದುಡಿಯುವವನು ಆಗಲ್ಲ ಎನ್ನುವ ಹಾಗಿರಲಿಲ್ಲ. ಈಗ ಭಾನುವಾರದ ಮಧ್ಯಾಹ್ನ, ಅಣ್ಣನ ಕೋಣೆಯಲ್ಲಿ, ಅಣ್ಣನ ಸ್ಟೂಲಿನ ಮೇಲೆ ಕೂತಿದ್ದ. ಅತ್ತಿಗೆ ಒಗೆದ ಬಟ್ಟೆ ಮಡಚುತ್ತ ಬಾಗಿಲ ಬಳಿ ಕೂತಿದ್ದಳು.

"ಅದೇನು ಮಾಡ್ತೀಯ ಹೇಳು, ನನಗೂ ಅರ್ಥವಾಗಲಿ."

"ಸ್ಪೀಕರಿಗೆ ಹೋಗೋ ಸದ್ದಲ್ಲಿ ಒಂದು ಚೂರು ಹಿಂದಕ್ಕೆ ತರ್ತೀನಿ, ತಲೆಕೆಳಗು ಮಾಡಿ." ಅವನು ಬೆರಳುಗಳ ನಡುವೆ ಒಂದು ಸಣ್ಣ ರೆಸಿಸ್ಟರ್ ಹಿಡಿದು ತೋರಿಸಿದ. "ಇದರ ಮೂಲಕ ಬರತ್ತೆ. ಒಳಗಿನ ವಾಲ್ವು ಎಷ್ಟು ಅತಿ ಮಾಡ್ತೋ ಅಷ್ಟನ್ನ ಇದು ಕಳೀತಾ ಹೋಗತ್ತೆ. ಗುರುಗುಟ್ಟೋದು ತಗ್ಗತ್ತೆ."

"ಅಂದ್ರೆ ಒಳಗೊಬ್ಬ ಮಾವನ್ನ ಕೂರಿಸ್ತೀಯ."

ನಗು ಬಂತು. "ಹೂಂ. ಹಿಂದಿನ ಮಾವನ್ನ."

ಇಬ್ಬರೂ ಗೋಡೆಯ ಕಡೆ ನೋಡಿದರು. ಆಚೆಯಿಂದ ಅಪ್ಪನ ಕೆಮ್ಮು ಕೇಳಿಸಿತು, ಬಾಯಿಗೆ ಬಟ್ಟೆ ಹಿಡಿದು ಕೆಮ್ಮುವ ಹಾಗೆ.

"ತಲೆಕೆಳಗಾಗಿ ಬರದಿದ್ರೆ?" ಅತ್ತಿಗೆ ದನಿ ಇಳಿಸಿ ಕೇಳಿದಳು.

"ಕಳೆಯೋ ಬದಲು ಕೂಡತ್ತೆ. ಕೂಡಿದ್ದು ಮತ್ತೆ ಕೂಡತ್ತೆ. ಊಳಿಡತ್ತೆ. ಈ ಎರಡು ವೈರು ಅದಲು ಬದಲು ಮಾಡಿದ್ರೆ ಸರಿ. ಇಷ್ಟು ದಿನ ಹೇಗಿದ್ರೂ ನಡೀತಿತ್ತು, ಈಗ ನಡೆಯಲ್ಲ. ಯಾವುದು ಅಂತ ಹಚ್ಚಿ ನೋಡಿದ್ರೇನೇ ಗೊತ್ತಾಗೋದು."

ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಕೂತಿರುತ್ತದೆ. ಪ್ಲಗ್ ಕಿತ್ತಿದ್ದರೂ ಮುಟ್ಟಿದವನನ್ನು ಒದೆಯುತ್ತದೆ. ಅದನ್ನು ಮೊದಲು ಇಳಿಸಿ ಖಾತ್ರಿ ಮಾಡಿಕೊಂಡ. ಆಮೇಲೆ ಒಳಗೆ ಬಗ್ಗಿದ. ಎಲ್ಲ ಬೆಸುಗೆಗಳೂ ಅಣ್ಣನವು, ದಪ್ಪ ದಪ್ಪ, ಅವಸರದವು. ಅರ್ತಿಂಗಿನ ತಗಡಿಗೆ ಒಂದು ವೈರನ್ನು ಬೆಸೆದ ಜಾಗದಲ್ಲಿ, ಸೀಸದ ಉಂಡೆಯ ಸುತ್ತ ಆರಿದ ಅಂಟಿನಲ್ಲಿ ಒಂದು ಕೂದಲು ಸಿಕ್ಕಿಕೊಂಡು ಅರ್ಧ ಹೊರಗೆ ಚಾಚಿತ್ತು. ಗುಂಗುರು ಕೂದಲು. ಮನೆಯಲ್ಲಿ ಗುಂಗುರು ಕೂದಲು ಇದ್ದದ್ದು ಒಬ್ಬನಿಗೇ.

ಅದನ್ನು ಮುಟ್ಟದೆ ರೆಸಿಸ್ಟರನ್ನು ಸ್ಪೀಕರಿನ ತುದಿಯಿಂದ ಒಳಗಿನ ವಾಲ್ವಿಗೆ ಬೆಸೆದ. ವೈರುಗಳು ಈಗ ಇರುವ ಹಾಗೇ ಸರಿ ಇರಲಿ, ಆ ಬೆಸುಗೆ ಬಿಚ್ಚುವ ಕೆಲಸ ಬರದಿರಲಿ ಎಂದುಕೊಂಡು ಸ್ವಿಚ್ ಹಾಕಿದ. ವಾಲ್ವುಗಳು ನಿಧಾನವಾಗಿ ಕೆಂಪೇರಿದವು. ಮೊದಲು ಗುಂಯ್ ಎಂಬ ಹಳೆಯ ಸದ್ದು. ಆಮೇಲೆ ಪೆಟ್ಟಿಗೆ ಊಳಿಟ್ಟಿತು.

ಗಿಟಾರ್ ಇಲ್ಲ, ಬೆರಳಿಲ್ಲ, ತಂತಾನೇ. ಕಿಟಕಿಯ ಗಾಜು ನಡುಗಿತು. ಅತ್ತಿಗೆ ಕಿವಿ ಮುಚ್ಚಿಕೊಂಡಳು. ಅವನ ಕೈ ಸ್ವಿಚ್ಚಿಗೆ ಹೋಗುವಷ್ಟರಲ್ಲಿ ಗೋಡೆಯಾಚೆಯಿಂದ ಬಂತು:

"ಲೇ ದೊಡ್ಡೋನೇ! ಕಮ್ಮಿ ಮಾಡೋ! ಮನೇಲಿ ಮನುಷ್ಯರು ಇದ್ದೀವೋ ಇಲ್ವೋ!"

ಸ್ವಿಚ್ ಆರಿಸಿದ. ಊಳು ಇಳಿಯುತ್ತ ಇಳಿಯುತ್ತ ನಿಂತಿತು. ಅತ್ತಿಗೆಯ ಮಡಿಲಿನಿಂದ ಬಟ್ಟೆ ಜಾರಿ ಬಿದ್ದಿತ್ತು. ಆ ಕೂಗಿನಲ್ಲಿ ಒಂದು ವರ್ಷ ಎನ್ನುವುದು ಇರಲೇ ಇಲ್ಲ. ಕೂಗಿಸಿಕೊಂಡವನು ಈಗ ಗುಂಡಿ ತಿರುಗಿಸಿ ಕಣ್ಣು ಮಿಟುಕಿಸಬೇಕಿತ್ತು, ಅಷ್ಟೇ.

ತುಂಬ ಹೊತ್ತಿನ ಮೇಲೆ ಗೋಡೆಯಾಚೆಯ ದನಿ ಮತ್ತೆ ಬಂತು. ಈ ಸಲ ಅತಿಥಿಯ ದನಿ. "ಏನಿಲ್ಲಪ್ಪ... ಏನಿಲ್ಲ. ನೀನು ಕೆಲಸ ಮಾಡ್ಕೋ."

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾಕು, ಬೇಗ ಸರಿ ಮಾಡಿಬಿಡು. ಇನ್ನೊಂದು ಸಲ ಅದನ್ನ ಕೇಳೋಕೆ ನನ್ನ ಕೈಲಾಗಲ್ಲ."

"ಗೊತ್ತಾಯ್ತಲ್ಲ ಈಗ. ವೈರು ಬದಲಿಸಬೇಕು, ಅಷ್ಟೇ."

ಅವನು ಮತ್ತೆ ಕರೆಂಟು ಇಳಿಸಿ, ಕಾದ ಸೋಲ್ಡರಿಂಗ್ ಐರನ್ನನ್ನು ಆ ಬೆಸುಗೆಗೆ ಮುಟ್ಟಿಸಿದ. ಸೀಸ ಕರಗಿತು. ಕೂದಲು ಒಮ್ಮೆ ಮುರುಟಿ ಇಲ್ಲವಾಯಿತು.

"ಏನೋ ವಾಸನೆ," ಎಂದಳು ಅತ್ತಿಗೆ.

"ಹಳೇ ಅಂಟು ಸುಡ್ತಿದೆ."

ಎರಡು ವೈರುಗಳೂ ಬಿಡುಗಡೆಯಾಗಿ ಅವನ ಎರಡು ಬೆರಳುಗಳ ನಡುವೆ ನಿಂತವು. ಈಗ ಸಂಶಯವಿರಲಿಲ್ಲ. ತಗಡಿನಲ್ಲಿದ್ದದ್ದು ಸ್ಪೀಕರಿಗೆ, ಸ್ಪೀಕರಿನಲ್ಲಿದ್ದದ್ದು ತಗಡಿಗೆ. ಅಂಗಡಿಯಲ್ಲಾದರೆ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ. ಅವನು ಗೋಡೆಯನ್ನು ನೋಡಿದ. ಆ ಸುಣ್ಣದ ಗೋಡೆಯ ಹಿಂದೆ, ಹತ್ತೇ ಹೆಜ್ಜೆಯಾಚೆ, ಬೈಯುವ ಆ ಹಳೆಯ ಅಪ್ಪ ಎಲ್ಲೋ ಒಳಗೆ ಇನ್ನೂ ಇದ್ದಾನೆ. ಆ ಕೂಗಿನಲ್ಲಿ ಈಗಷ್ಟೇ ಬಾಗಿಲಿಗೆ ಬಂದು ಹೋದ. ಇದೊಂದು ಬೆಸುಗೆ ಸರಿಯಾದರೆ ಅವನನ್ನು ಕರೆಯಲು ಮನೆಯಲ್ಲಿ ಬೇರೇನೂ ಉಳಿಯುವುದಿಲ್ಲ.

ಅವನು ವೈರುಗಳನ್ನು ಮೊದಲಿದ್ದ ಜಾಗಗಳಿಗೇ ಬೆಸೆದ. ಅಚ್ಚುಕಟ್ಟಾಗಿ ಬೆಸೆದ. ಸ್ವಿಚ್ ಹಾಕಿದ.

ಪೆಟ್ಟಿಗೆ ಊಳಿಟ್ಟಿತು. ಅತ್ತಿಗೆ ಎದ್ದು ನಿಂತು ಏನೋ ಹೇಳಿದಳು, ಕೇಳಿಸಲಿಲ್ಲ. ಅವನ ಕೈ ಸ್ವಿಚ್ಚಿನ ಮೇಲೇ ಇತ್ತು, ಆರಿಸಲಿಲ್ಲ. ಗೋಡೆಗೆ ಕಿವಿಗೊಟ್ಟು ಕಾದ. ಊಳು ಏರಿತು, ಕೋಣೆ ತುಂಬಿತು, ಹಲ್ಲಿನ ಬೇರಿಗೆ ಇಳಿಯಿತು. ಕೂಗು, ಅಪ್ಪ. ಬೈಯಿ. ಗೋಡೆಯಾಚೆ ಏನೂ ಇರಲಿಲ್ಲ.

ತಿರುಗಿದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನು ಬೇಗ ಆರಿಸಿದ.

"ಅದು ಹಾಗೆ ಕೂಗ್ಬೇಕಾ?" ಎಂದು ಅಪ್ಪ ಮೆತ್ತಗೆ ಕೇಳಿದ.

"ಇಲ್ಲಪ್ಪ. ವೈರು ತಪ್ಪಾಯ್ತು."

"ಆಗಲೂ ತಪ್ಪಾಗಿತ್ತಾ?"

"ಹೂಂ."

ಅಪ್ಪ ಹತ್ತಿರ ಬಂದು, ತನ್ನ ರೇಡಿಯೋವಿನ ತೆರೆದ ಬೆನ್ನನ್ನು ನೋಡಿದ. ನಲವತ್ತು ವರ್ಷ ಲೇತಿನ ಮುಂದೆ ನಿಂತ ಕಣ್ಣು. ನೋಡುತ್ತಲೇ ಇದ್ದ.

"ಇರೋದು ಎರಡೇ ವೈರು ಅಲ್ವೇನೋ?"

ಆ 'ಏನೋ' ಹಳೆಯದು. ಅದಕ್ಕಿಂತ ಹೆಚ್ಚೇನೂ ಬರಲಿಲ್ಲ. ಅಪ್ಪನ ದೃಷ್ಟಿ ಪೆಟ್ಟಿಗೆಯಿಂದ ಮಗನ ಮುಖಕ್ಕೆ ಬಂತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ, "ಬೆರಳು ಸುಟ್ಕೋಬೇಡ," ಎಂದು ಹೇಳಿ ಹೊರಟುಹೋದ. ಆಚೆ ಕೋಣೆಯ ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಈ ಸಲ ಅವನು ವೈರುಗಳನ್ನು ಅದಲು ಬದಲು ಮಾಡಿ ಬೆಸೆದು ಸ್ವಿಚ್ ಹಾಕಿದ. ಪೆಟ್ಟಿಗೆ ಊಳಿಡಲಿಲ್ಲ.

ಸಂಜೆ ಅಣ್ಣನ ಮಗಳು ಗೆಳತಿಯ ಮನೆಯಿಂದ ಬಂದು ಗಿಟಾರಿನ ವೈರನ್ನು ಪೆಟ್ಟಿಗೆಗೆ ಚುಚ್ಚಿ ನುಡಿಸಿದಳು. ಸ್ವರ ನಯವಾಗಿ, ಅಂಚು ಕತ್ತರಿಸಿದ ಬಟ್ಟೆಯ ಹಾಗೆ ನೇರವಾಗಿ ಬಂತು. ಯಾರ ದನಿಯೂ ಅದರಲ್ಲಿ ಇರಲಿಲ್ಲ. "ಚಿಕ್ಕಪ್ಪಾ, ಇದು ನಮ್ಮದೇನಾ?" ಎಂದಳು. ಎರಡು ಸಾಲು ನುಡಿಸಿ, ಯಾರೂ ಏನೂ ಅನ್ನದಿದ್ದರೂ ಗೋಡೆಯ ಕಡೆ ಒಮ್ಮೆ ನೋಡಿ, ಗುಂಡಿಯನ್ನು ತಾನೇ ಕೂದಲೆಳೆಯಷ್ಟು ಇಳಿಸಿದಳು.

"ಮಾವ ಎದ್ದು ಹೋಗಲಿಲ್ಲ ನೋಡು," ಎಂದು ಅತ್ತಿಗೆ ಪಿಸುಗುಟ್ಟಿದಳು. "ದೊಡ್ಡ ಉಪಕಾರ ಮಾಡ್ದೆ."

ಊಟಕ್ಕೆ ಅಪ್ಪ ಅವನ ಪಕ್ಕದಲ್ಲೇ ಕೂತ. ನೀರಿನ ಚೊಂಬನ್ನು ಅವನ ಕಡೆ ಸರಿಸಿದ. ಇಬ್ಬರೂ ತಲೆ ತಗ್ಗಿಸಿ ಉಂಡರು. ನೀನು ಇನ್ನೊಂದು ಸಲ ಕೂಗಲಿ ಅಂತಲೇ ಎರಡನೇ ಸಲ ತಪ್ಪು ವೈರು ಹಚ್ಚಿದೆ ಎಂದು ಅವನು ಅಪ್ಪನಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.